ಬೋನಿನ ಭಾವಚಿತ್ರ ಲಗತ್ತಿಸಿದೆ

ಪ್ರಾಣಿಕಲ್ಯಾಣ ಪ್ರಮಾಣಪತ್ರ ನೀಡುವ ಮಾನ್ಯ ಅಧಿಕಾರಿಗಳೇ,

ತಾಯಿಹಂದಿಗಳನ್ನು ಬೋನಿನಿಂದ ಬಿಡಿಸಿದ್ದು ನನ್ನ ತಪ್ಪು. ಬಿಡಿಸಿದ್ದಕ್ಕೆ ಸಾಕ್ಷಿಯಾಗಿ ಒಂದು ಬೋನನ್ನೂ ಉಳಿಸಿಕೊಳ್ಳದಿದ್ದುದು ಅದಕ್ಕಿಂತ ದೊಡ್ಡ ತಪ್ಪು. ಹದಿನಾಲ್ಕು ತಿಂಗಳಿಂದ ನನ್ನ ಅರ್ಜಿ ನಿಮ್ಮ ಮೇಜಿನ ಮೇಲೆ ಮಲಗಿದೆ. ಅದಕ್ಕಾದರೂ ಮಗ್ಗುಲು ಬದಲಿಸುವಷ್ಟು ಜಾಗವಿದೆಯೆಂದು ನಂಬಿದ್ದೇನೆ.

ಎರಡಡಿ ಅಗಲದ ಕಬ್ಬಿಣದ ಬೋನಿನಲ್ಲಿ ಹದಿನೈದು ವರ್ಷ ಹಂದಿ ಸಾಕಿದವನು ನಾನು. ಅವು ಅಲುಗಾಡದೆ ಮಲಗಿದ್ದನ್ನು ಹೆಂಡತಿಗೆ ತೋರಿಸಿ, ಎಷ್ಟು ನೆಮ್ಮದಿ ನೋಡು ಎನ್ನುತ್ತಿದ್ದ ಬುದ್ಧಿವಂತನೂ ನಾನೇ. ನಿಮ್ಮ ತರಬೇತಿ ಶಿಬಿರದಲ್ಲಿ ಬಿಟ್ಟಿ ಊಟ ಉಂಡ ಮೇಲೆ ಜ್ಞಾನೋದಯವಾಯಿತು. ಬೋನುಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿದೆ, ನೆಲಕ್ಕೆ ಹುಲ್ಲು ಹಾಸಿದೆ. ನಲವತ್ತು ಹಂದಿಗಳಿದ್ದ ಶೆಡ್ಡಿನಲ್ಲಿ ಈಗ ಹಿಡಿಸುವುದು ಇಪ್ಪತ್ತಾರೇ. ಹುಲ್ಲಿನ ಖರ್ಚು ಬೇರೆ. ಪ್ರಮಾಣಪತ್ರವಿದ್ದರೆ ಮಾಂಸದ ವ್ಯಾಪಾರಿ ಕಿಲೋಗೆ ಮೂರನೇ ಒಂದು ಭಾಗ ಹೆಚ್ಚು ಕೊಡುತ್ತಾನೆ, ಇಲ್ಲದಿದ್ದರೆ ಹಳೆಯ ಬೆಲೆ. ಸುಖವಾಗಿದ್ದೇನೆ ಎಂದು ಹಂದಿಯೇ ಬಾಯಿಬಿಟ್ಟು ಹೇಳಿದರೂ ಅವನು ನಂಬನು, ನಿಮ್ಮ ಮೊಹರೇ ಆಗಬೇಕು.

ಅಂತೂ ನಿಮ್ಮ ಉತ್ತರ ಬಂತು: ತೆಗೆಯುವ ಮುನ್ನ ಬೋನು ಹೇಗಿತ್ತೆಂದು ತೋರಿಸುವ, ಪ್ರಾಣಿಸಹಿತವಾದ ಭಾವಚಿತ್ರ ಲಗತ್ತಿಸಬೇಕಂತೆ. ತೆಗೆದ ಮೇಲೆ ತೆಗೆಯುವ ಮುನ್ನಿನ ಚಿತ್ರ ಎಲ್ಲಿಂದ ತರಲಿ ಸ್ವಾಮಿ? ಪಕ್ಕದ ಫಾರ್ಮಿನವನ ಕೈಕಾಲು ಹಿಡಿದು ಒಂದು ಬೋನು ತಂದೆ. ನಾವು ದೊಡ್ಡಮ್ಮ ಎಂದು ಕರೆಯುವ ಹಿರಿಯ ಹಂದಿ ಅದರ ಬಾಗಿಲವರೆಗೆ ಬಂದು ನಿಂತುಬಿಟ್ಟಳು. ಸೇಬು ತೋರಿಸಿದರೂ ಕದಲಲಿಲ್ಲ. ಮೈ ನಡುಗುತ್ತಿತ್ತು.

"ಪಾಪ, ಅವಳನ್ನ ಯಾಕೆ ಹೆದರಿಸ್ತೀರಿ? ನೀವೇ ಮಲಗಿ, ಫೋಟೋ ತೆಗೀತೀನಿ" ಅಂದಳು ಹೆಂಡತಿ.

ಮಲಗಿದೆ. ಬಾಗಿಲು ಹಾಕಿ ಫೋಟೋ ತೆಗೆದದ್ದಾಯಿತು, ಚಿಲಕ ಮಾತ್ರ ತೆಗೆಯಲು ಬರಲಿಲ್ಲ. ಹೆಂಡತಿ ಸುತ್ತಿಗೆ ಹುಡುಕಿ ತರುವಷ್ಟರಲ್ಲಿ ಇಪ್ಪತ್ತು ನಿಮಿಷ. ಮೊದಲ ಐದು ನಿಮಿಷ ನಗು ಬಂತು. ಆಮೇಲೆ ಹೊರಳಬೇಕೆನಿಸಿತು, ಆಗಲಿಲ್ಲ. ಹದಿನೈದು ವರ್ಷ ನಾನು ನೆಮ್ಮದಿ ಎಂದುಕೊಂಡದ್ದು ಇದನ್ನೇ. ನನಗೆ ತುಂಬ ನಾಚಿಕೆಯಾಯಿತು. ದೊಡ್ಡಮ್ಮ ಹುಲ್ಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು.

ಬರುವ ತಿಂಗಳೊಳಗೆ ನಿಮ್ಮ ಮೊಹರು ಬೀಳದಿದ್ದರೆ ಬೋನುಗಳನ್ನು ಮತ್ತೆ ಹಾಕಿಸಬೇಕು, ಇಲ್ಲವೇ ಫಾರ್ಮು ಮುಚ್ಚಬೇಕು. ದೊಡ್ಡಮ್ಮನನ್ನು ಮತ್ತೆ ಒಳಗೆ ತಳ್ಳುವುದು ಇನ್ನು ನನ್ನ ಕೈಲಾಗದು. ಒಮ್ಮೆ ಬಂದು ಶೆಡ್ಡು ನೋಡಿ, ಪ್ರಮಾಣಪತ್ರ ಕೊಡಿ. ಕೇಳಿದ ಭಾವಚಿತ್ರ ಲಗತ್ತಿಸಿದ್ದೇನೆ. ಪ್ರಾಣಿಯ ತೂಕ, ತಳಿ ನಮೂದಿಸಲು ಹೇಳಿದ್ದೀರಿ. ತೂಕ ತೊಂಬತ್ತೆರಡು ಕಿಲೋ. ತಳಿ, ತಡವಾಗಿ ಬುದ್ಧಿ ಬಂದದ್ದು.

ಇಂತಿ,
ಚಿತ್ರದಲ್ಲಿ ಮಲಗಿರುವವನು