ಮೂರು ತಂತಿಯ ಅಲೆ

ಚಾಟ್ಸ್‌ವರ್ತ್
ಜೂನ್ 18, 2006

ಪ್ರೀತಿಯ ನಂಜುಂಡಪ್ಪನಿಗೆ,

ಗುಲಾಮ್ ಮೊಹಿಯುದ್ದೀನನ ಸಲಾಮು. ಗೌರಿ ಅತ್ತಿಗೆಗೂ ತಿಳಿಸು. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಎಷ್ಟು ಬೇಕಾದರೂ ಬೈ, ಅತ್ತಿಗೆಯ ಎದುರು ಮಾತ್ರ ಬೇಡ. ನಾವೆಲ್ಲ ಕ್ಷೇಮ. ಇಲ್ಲಿ ಸಮುದ್ರದ ಕಡೆ ಜೂನ್ ತಿಂಗಳ ಮೋಡ ಮಧ್ಯಾಹ್ನದವರೆಗೂ ಕರಗುವುದಿಲ್ಲ. ನಾನೂ ಅದರೊಳಗೆ ನಿದ್ದೆಗಣ್ಣಿನವನಂತೆ ಕಾರು ಓಡಿಸಿಕೊಂಡಿದ್ದೇನೆ.

ಇಡಾ ವಿಟ್ಲಾಕ್ ಮೇಡಂ ವಿಷಯ ಹಿಂದೆ ಬರೆದಿದ್ದೆನಲ್ಲ, ಕಲ್ವರ್ ಸಿಟಿಯಲ್ಲಿ ಸಂಗೀತ ಬರೆಯುವವರು. ಮೂವತ್ತು ವರ್ಷ ಹಗಲೆಲ್ಲ ಸ್ಟುಡಿಯೋದವರ ಸಿನಿಮಾಗಳಿಗೆ ದುಡಿದು, ಬೆಳಗಿನ ಜಾವ ಎದ್ದು ಸ್ವಂತದ್ದನ್ನು ಬರೆದವರು. ಈಗ ಎಪ್ಪತ್ತೆಂಟು ವಯಸ್ಸು. ಇಪ್ಪತ್ತು ವರ್ಷದಿಂದ ತಿಂಗಳಿಗೊಮ್ಮೆ ಅವರ ಪಿಯಾನೊ ಶ್ರುತಿ ಕೂಡಿಸುವವನು ನಾನೇ. ಈಚೆಗೆ ಮೂರು ವರ್ಷ ಒಂದೇ ಕೃತಿಯ ಬೆನ್ನು ಹತ್ತಿದ್ದರು. ಬರೀ ಮೇಲಿನ ಸ್ವರಗಳು. ಒಂದನ್ನು ಒತ್ತಿ, ಅದು ಪೂರ್ತಿ ಆರುವವರೆಗೂ ಕಾಯಬೇಕು. ಸ್ವರ ನೀರಿನಡಿಯ ಬೆಳಕಿನಂತೆ ಅಲ್ಲಾಡುತ್ತಿದೆ, ಕೇಳಿ ಎನ್ನುತ್ತಿದ್ದರು. ನನಗೆ ಅಲ್ಲಾಡುವುದೇನೂ ಕೇಳಿಸುತ್ತಿರಲಿಲ್ಲ. ಬರೆಯುವವರ ಮಾತೇ ಹೀಗೆ ಎಂದುಕೊಂಡು ತಲೆದೂಗುತ್ತಿದ್ದೆ.

ಏಪ್ರಿಲ್‌ನಲ್ಲಿ ಸ್ಯಾನ್ ಡಿಯೇಗೊದಲ್ಲಿ ಅದರ ಕಛೇರಿಯಾಯಿತು, ನಾನೂ ಹೋಗಿದ್ದೆ. ಅಲ್ಲಿನ ಪಿಯಾನೊವನ್ನು ಅಲ್ಲಿಯವರೇ ಶ್ರುತಿ ಕೂಡಿಸಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಡಂ ಕೂತಲ್ಲೇ ಕೂತಿದ್ದರು. ಹೊರಗೆ ಬಂದಾಗ ನನ್ನ ತೋಳು ಹಿಡಿದು, "ಗುಲಾಮ್, ಇದು ನಾನು ಬರೆದದ್ದಲ್ಲ. ಮೂರು ವರ್ಷ ಇಲ್ಲದ್ದನ್ನು ಕೇಳಿಸಿಕೊಂಡಿದ್ದೇನೆ. ನನ್ನ ಕಿವಿ ಹೋಗಿದೆ" ಎಂದರು. ಮರುವಾರ ಫೋನ್ ಮಾಡಿ, ಪಿಯಾನೊ ಮುಚ್ಚಿದ್ದೇನೆ, ಇನ್ನು ಬರೆಯುವುದಿಲ್ಲ, ನೀವೂ ಬರಬೇಡಿ ಎಂದುಬಿಟ್ಟರು.

ಮೇ ತಿಂಗಳಲ್ಲಿ ರಾಂಚೊ ಬರ್ನಾರ್ಡೊಗೆ ಮಗಳು ಮೆಹವಿಶ್ ಮನೆಗೆ ಹೋಗಿದ್ದೆ. "ಅಬ್ಬಾ, ಟಿವಿ ಇಷ್ಟು ಜೋರಾಗಿ ಇಟ್ಕೊಂಡ್ರೆ ಪಕ್ಕದ್ಮನೆಯೋರು ಕಂಪ್ಲೇಂಟ್ ಮಾಡ್ತಾರೆ" ಎಂದು ಗೊಣಗಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪರೀಕ್ಷೆಯಲ್ಲಿ ಮೇಲಿನ ಸ್ವರ ಒಂದೂ ನನಗೆ ಕೇಳಿಸಲಿಲ್ಲ. ನಾಲ್ಕೈದು ವರ್ಷದಿಂದ ಹೀಗೇ ಇರಬೇಕು ಅಂದರು.

ನಿನಗೆ ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಯಂನ ಎರಡು ರೀಡು ಒಂದಕ್ಕೊಂದು ಕೂಡದಿದ್ದರೆ ಅಲೆ ಏಳುತ್ತದಲ್ಲ, ಅದನ್ನು ಉಳಿಸಿದ್ದಕ್ಕೆ ಕೆಲಸ ಕಲಿಸುವಾಗ ನಮ್ಮಪ್ಪ ನಮ್ಮಿಬ್ಬರಿಗೂ ಬಾರಿಸುತ್ತಿದ್ದರಲ್ಲ. ಪಿಯಾನೊದಲ್ಲಿ ಮೇಲಿನ ಒಂದೊಂದು ಸ್ವರಕ್ಕೂ ಮೂರು ತಂತಿ. ಮೇಡಂ ಮನೆಯಲ್ಲಿ ನಾನು ಕೂಡಿಸಿದಾಗ ಅವು ಒಂದಾಗದೆ ಅಲೆ ಉಳಿದಿತ್ತು. ಸ್ಯಾನ್ ಡಿಯೇಗೊದವರು ಸರಿಯಾಗಿ ಕೂಡಿಸಿದ್ದರಿಂದ ಅಲ್ಲಿ ಅಲೆಯೇ ಇರಲಿಲ್ಲ. ಮೇಡಂ ಕೇಳಿದ್ದು ಇದ್ದದ್ದನ್ನೇ. ಕಿವಿ ಹೋದದ್ದು ನನ್ನದು.

ಹೇಳಿದರೆ ಐವತ್ತು ವರ್ಷದ ಹೆಸರು ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೇಳದಿದ್ದರೆ ಆಕೆ ತನ್ನ ಕಿವಿಯನ್ನು ನಂಬದೆಯೇ ಕಣ್ಣು ಮುಚ್ಚುತ್ತಾರೆ. ಹದಿನೈದು ದಿನ ಒದ್ದಾಡಿದೆ.

ಹೋದ ಸೋಮವಾರ ಕಿವಿಗೆ ಹೊಸ ಮೆಷಿನ್ ಹಾಕಿಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ. ಮೇಡಂ ಪಿಯಾನೊ ತೆರೆದು ಮೇಲಿನ ಸ್ವರವೊಂದನ್ನು ಒತ್ತಿದರು. ಆಗ ಕೇಳಿಸಿತು, ಮಾರಾಯ. ಸ್ವರ ತೊಟ್ಟಿಲಿನಂತೆ ತೂಗುತ್ತಾ ತೂಗುತ್ತಾ ದೂರ ಹೋಯಿತು. ಆರಿತೋ, ಇನ್ನೂ ಇದೆಯೋ ತಿಳಿಯದೆ ಇಬ್ಬರೂ ಉಸಿರು ಹಿಡಿದು ಕೂತೆವು. ಕಿಟಕಿಯಾಚೆ ಮೋಡ, ಕೋಣೆಯೊಳಗೂ ಅದೇ ಬಿಳಿ ಬೆಳಕು. ಎಲ್ಲಿದ್ದೇನೆಂಬುದೇ ಮರೆತುಹೋಯಿತು. ನನ್ನ ತಪ್ಪು ಇಷ್ಟು ಚೆಂದವೆಂದು ಗೊತ್ತಿರಲಿಲ್ಲ. ಮೇಡಂ ಬೈಯಲಿಲ್ಲ. ಕಣ್ಣೊರೆಸಿಕೊಂಡು ಕಾಫಿ ಮಾಡಿಕೊಟ್ಟರು. ಈಗ ಮತ್ತೆ ಬರೆಯಲು ಕೂತಿದ್ದಾರೆ.

ನಿನ್ನ ಮಂಡಿನೋವು ಬೇಗ ಬಿಡಲಿ, ಕೈ ನಡುಗದಿರಲಿ. ಮೊಮ್ಮಕ್ಕಳಿಗೆ ನನ್ನ ದುವಾ.

ನಿನ್ನ
ಗುಲಾಮ್ ಮೊಹಿಯುದ್ದೀನ್

ಮೇಲೆ ಬರೆಯದೆ ಬಿಟ್ಟದ್ದು: ಹೊರಡುವಾಗ ಮೇಡಂ ನನ್ನ ಕೈ ಹಿಡಿದು, "ಮುಂದಿನ ತಿಂಗಳು ಬನ್ನಿ, ಆದರೆ ಮೆಷಿನ್ ಮನೆಯಲ್ಲಿ ಬಿಟ್ಟು ಬನ್ನಿ. ಮೊದಲು ನೀವು ಸರಿಯಾಗಿ ಮಾಡುತ್ತಿದ್ದಾಗ ನಾನು ಬರೆದದ್ದೆಲ್ಲ ಸಪ್ಪೆ" ಎಂದರು. ಹೊಗಳಿಕೆಯೆಂದೇ ಹೇಳಿದ್ದು. ನಾನೂ ನಕ್ಕೆ. ಕಾರಿನಲ್ಲಿ ಕೂತ ಮೇಲೆ ಅಳು ಬಂತು. ನಂಜುಂಡಪ್ಪ, ಹದಿನೈದು ವರ್ಷ ಒಂದು ಅಲೆಯೂ ಇಲ್ಲದ ಹಾಗೆ ಆ ತಂತಿಗಳನ್ನು ಕೂಡಿಸಿದ್ದೇನೆ. ಒಂದು ದಿನವೂ ಆ ಕೆಲಸ ಅವರ ಕಿವಿಗೆ ಬಿದ್ದಿರಲಿಲ್ಲ.