ಅವ್ವನ ಕರಡಿಗೆ

ಚಳ್ಳಕೆರೆ
೧೪ ಆಗಸ್ಟ್ ೨೦೦೩

ಪ್ರೀತಿಯ ಶಶಿ ಅಣ್ಣನಿಗೆ,

ದಾಕ್ಷಾಯಿಣಿಯ ಶರಣು. ಸೂರತ್ತಿನಲ್ಲಿ ಆರೋಗ್ಯ ಹೇಗಿದೆ? ಅತ್ತಿಗೆಯ ಕೆಮ್ಮು ನಿಂತಿತೇ? ಸೀರೆ ವ್ಯಾಪಾರದ ಓಡಾಟದಲ್ಲಿ ಊಟ ಬಿಡಬೇಡ. ಅಪ್ಪ ಚೆನ್ನಾಗಿದ್ದಾರೆ.

ಅವ್ವನಿಗೆ ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿದ ಮೇಲೆ ಯಾವ ನೋವು ಬಂದರೂ ನಮಗೆ ಒಂದೇ ಭಯ. ಈಗ ಬೆನ್ನುನೋವು. ಅದಕ್ಕೇ ದಾವಣಗೆರೆಯಲ್ಲಿ ನಾನು ಡಾಕ್ಟರಾಗಿರುವ ಸ್ಕ್ಯಾನಿಂಗ್ ಸೆಂಟರಿಗೇ ಕರೆದೊಯ್ದು ಎಂಆರ್‌ಐ ಮಾಡಿಸಿದೆ. ಆ ಚಿತ್ರದಲ್ಲಿ ಮೂಳೆಯೊಳಗಿನ ಕೊಬ್ಬೂ ಬೆಳ್ಳಗೆ, ರೋಗವೂ ಬೆಳ್ಳಗೆ. ಕೊಬ್ಬನ್ನು ಕಪ್ಪು ಮಾಡಿದರೆ ಮಾತ್ರ ರೋಗ ಎದ್ದು ಕಾಣುತ್ತದೆ. ಒಂದು ವಿಧಾನದಲ್ಲಿ, ರೇಡಿಯೋದಲ್ಲಿ ಒಂದೇ ಸ್ಟೇಷನ್ ಅಡಗಿಸಿದ ಹಾಗೆ, ಕೊಬ್ಬಿನ ಕಂಪನವನ್ನಷ್ಟೇ ಹುಡುಕಿ ಅಡಗಿಸುತ್ತೇವೆ. ಚಿತ್ರ ಬಲು ಸ್ಪಷ್ಟ, ಆದರೆ ಹತ್ತಿರ ಕಬ್ಬಿಣವಿದ್ದರೆ ಸ್ಟೇಷನ್ ಜಾಗ ಬದಲಿಸಿಬಿಡುತ್ತದೆ, ಕೊಬ್ಬು ಬೆಳ್ಳಗೇ ಉಳಿಯುತ್ತದೆ. ಇನ್ನೊಂದರಲ್ಲಿ ಕೊಬ್ಬಿನ ಸದ್ದು ಸೊನ್ನೆಯಾಗುವ ಗಳಿಗೆಗೆ ಕಾದು ಚಿತ್ರ ತೆಗೆಯುತ್ತೇವೆ. ಹೊತ್ತು ಹಿಡಿಯುತ್ತದೆ, ಚಿತ್ರವೂ ಸ್ವಲ್ಪ ಮಸುಕು, ಆದರೆ ಕಬ್ಬಿಣಕ್ಕೆ ಅಷ್ಟಾಗಿ ಮೋಸಹೋಗುವುದಿಲ್ಲ.

ಮೊದಲನೆಯದರಲ್ಲಿ ಅವ್ವನ ಬೆನ್ನಿನ ಮೂಳೆಗಳು ಸಾಲಾಗಿ ಬೆಳ್ಳಗೆ ಹೊಳೆದವು. ಎರಡನೆಯದರಲ್ಲಿ ಆ ಬಿಳುಪು ಬಹುಪಾಲು ಆರಿತ್ತು, ಎದೆಯ ಮುಂದೆ ಮಾತ್ರ ಒಂದು ಕಪ್ಪು ಗುಂಡಿ. ಹೋಗಿ ನೋಡಿದರೆ ಗೌನಿನೊಳಗೆ ಇಷ್ಟಲಿಂಗದ ಬೆಳ್ಳಿ ಕರಡಿಗೆ! ಒಡವೆಯನ್ನೆಲ್ಲ ಬಿಚ್ಚಿಕೊಟ್ಟವಳು, ಲಿಂಗ ಮೈಬಿಟ್ಟು ಇರಬಾರದೆಂದು ಅದೊಂದನ್ನು ಬಚ್ಚಿಟ್ಟುಕೊಂಡಿದ್ದಳು. "ಒಳಗೆ ಹೋಗ್ತಿದ್ದಂಗೆ ಕರಡಿಗೆ ಎಳೀತು ಕಣೆ, ಶಿವ ಕರೀತಾನೆ ಅಂದ್ಕಂಡೆ" ಎಂದಳು. ಶಿವನಲ್ಲ ಮಹರಾಯ, ಕೊಂಡಿ ಮುರಿದಾಗ ರಾಂಪುರದ ಸೈಕಲ್ ಅಂಗಡಿಯಲ್ಲಿ ನೀನು ಹಾಕಿಸಿಕೊಟ್ಟ ಕಬ್ಬಿಣದ ಕಡ್ಡಿ! ಕೊನೆಗೆ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟು, ಕೆಳಗಿಡುವುದಿಲ್ಲ ಎಂದು ಮಾತು ತೆಗೆದುಕೊಂಡ ಮೇಲೇ ಮತ್ತೆ ಮಲಗಿದಳು. ಎರಡೂ ವಿಧಾನದಲ್ಲಿ ಇನ್ನೊಮ್ಮೆ ತೆಗೆಸಿದೆ. ಆ ದೊಡ್ಡ ಬಿಳುಪು ಇರಲಿಲ್ಲ. ಈಗ ಬೀದಿಯವರಿಗೆಲ್ಲ "ನಂಗೇನೂ ಇಲ್ಲ, ಎಲ್ಲಾ ನನ್ ಮಗನ ಕಡ್ಡಿ ಕಿತಾಪತಿ" ಎಂದು ಹೇಳಿಕೊಂಡು ನಗುತ್ತಾಳೆ.

ಅಪ್ಪ ಅವ್ವ ನಿಮ್ಮಿಬ್ಬರಿಗೂ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ ತಂಗಿ,
ದಾಕ್ಷಾಯಿಣಿ

ಮರೆತು ಕೆಳಗೆ ಬರೆಯುತ್ತಿಲ್ಲ ಅಣ್ಣಾ, ಮೇಲೆ ಬರೆಯಲು ಕೈ ಬರಲಿಲ್ಲ. ಒಂದು ಮೂಳೆಯೊಳಗೆ ಕಡಲೆಕಾಳಿನಷ್ಟು ಬಿಳಿ ಉಳಿದಿದೆ. ಕರಡಿಗೆ ಇಲ್ಲದೆಯೂ, ಎರಡೂ ವಿಧಾನದಲ್ಲೂ. ಮುಂದಿನ ವಾರ ಸೂಜಿ ಹಾಕಿ ಅದರ ಚೂರನ್ನು ಪರೀಕ್ಷೆಗೆ ತೆಗೆಯಬೇಕು. ಫೋನ್ ಅವ್ವನ ಮಂಚದ ಪಕ್ಕದಲ್ಲೇ ಇದೆ, ಅದಕ್ಕೇ ಕಾಗದ. ನನಗೆ ತುಂಬಾ ಭಯವಾಗಿದೆ. ಅವಳಿಗೆ ಇನ್ನೂ ಹೇಳಿಲ್ಲ. ಕರಡಿಗೆಯ ಕಡ್ಡಿ ಬದಲಿಸುವ ನೆಪ ಹೇಳಿಕೊಂಡು ಬೇಗ ಬಾ.