ಮಗಳ ಪಾಲಿನ ಹಾಲು

ಸಿಂಗಪುರ, ಭಾನುವಾರ

ಹರಿಯಬ್ಬೆಯ ನಮ್ಮ ಓಬವ್ವಜ್ಜಿಗೆ ಯಶೋಧಾಳ ಶರಣು.

ಫೋನಿನಲ್ಲಿ ಹೇಳಿದ್ರೆ ಅಳ್ತೀಯ, ಅದಕ್ಕೇ ಕಾರ್ಡು. ನಿಮ್ಮಪ್ಪನ ಸಮಾಧಿ ಸಿಕ್ತು ಕಣಜ್ಜಿ! ನೀನು ಹುಟ್ಟೋ ಮುಂಚೆ ಯುದ್ಧಕ್ಕೆ ಹೋದ ಚಿಕ್ಕತಿಮ್ಮಪ್ಪ ಇಲ್ಲಿ ಹಸಿರು ದಿಬ್ಬದ ಮೇಲೆ, ಸಾಲಾಗಿ ನಿಂತ ಬಿಳಿ ಕಲ್ಲುಗಳ ನಡುವೆ ಮಲಗವ್ನೆ. ಕಲ್ಲಿನ ಬುಡದಲ್ಲಿ ಕೆಂಪು ಹೂವಿನ ಗಿಡ ಐತೆ.

ಸತ್ತ ಮೂರನೇ ದಿನ ಯಾರೂ ಬಿಡದ ಹಾಲು-ತುಪ್ಪ ಈಗಲಾದ್ರೂ ಬಿಡಾಣ ಅಂತ ತಗೊಂಡು ಹೋಗಿದ್ದೆ. ಅಲ್ಲಿನ ಮಾಲಿ ತಮಿಳಿನೋನು, "ಕಲ್ಲಿನ ಮೇಲೆ ಬೇಡಮ್ಮ, ಇರುವೆ ಮುತ್ತಿಕೊಳ್ತವೆ" ಅಂತ ಕೈಸನ್ನೆ ಮಾಡಿ ತೋರಿಸಿದ. ಗಿಡದ ಬುಡಕ್ಕೆ ಬಿಟ್ಟೆ. ಪಂಕ್ತಿಯಲ್ಲಿ ಒಬ್ಬನಿಗೇ ಬಡಿಸಿ ಎದ್ದು ಬರೋಕೆ ಮನಸ್ಸು ಬರಲಿಲ್ಲ. ಎಡಕ್ಕೆ ಬಲಕ್ಕೆ ಮಲಗಿದ್ದೋರಿಗೂ, ಯಾರ ಮನೆ ಮಕ್ಕಳೋ ಏನೋ, ಒಂದೊಂದು ಚಮಚ ಹಾಕ್ದೆ.

ನಾನು ಆರೋಗ್ಯವಾಗಿದೀನಿ, ಸೆಕೆ ಮಾತ್ರ ವಿಪರೀತ. ನಿನ್ನ ಮಂಡಿಗೆ ಎಣ್ಣೆ ತಗೊಂಡಿದೀನಿ.

ನಾನು ಬಿಟ್ಟಿದ್ದು ಮರಿಮಗಳ ಪಾಲು. ಮಗಳ ಪಾಲು ಹಾಗೇ ಐತೆ. ತಮ್ಮ ಮಾರುತೇಶನ ಕರ್ಕೊಂಡು ಹಿರಿಯೂರಿಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೊ ತೆಗೆಸ್ಕೊ. ವಯಸ್ಸಾಯ್ತು ಅಂತ ನೆವ ಹೇಳಬೇಡ. ನಿಮ್ಮಪ್ಪನಂತೂ ಊರಿಗೆ ಬರಲಿಲ್ಲ, ನೀನೇ ಬರಬೇಕು.

ಬಸ್ಸು ಬಂತು.

ಯಶೋಧಾ